ಪ್ರೋಟೀನ್ ಪೌಡರ್ ತಗೊಳ್ಳಬೇಕಾ? ಮೊದಲು ಬೆಳಗಿನ ತಟ್ಟೆ ನೋಡಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸೋಮವಾರಪೇಟೆ ಕಡೆಯವರು, ವಯಸ್ಸು 21, ತೂಕ 58 ಕೆ.ಜಿ., ಜಿಮ್ ಸೇರಿ ನಾಲ್ಕು ತಿಂಗಳು. ಟ್ರೇನರ್ 6,000 ರೂಪಾಯಿಯ 2 ಕೆ.ಜಿ. ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಡಬ್ಬಿ ತಗೋ ಅಂತಿದ್ದಾರೆ. ಅಮ್ಮ ಕಿಡ್ನಿ ಹಾಳಾಗುತ್ತೆ ಅಂತಿದ್ದಾರೆ. "ನಾವು ಮಾಂಸ ತಿನ್ನೋ ಜನ, ನಮಗೂ ಇದು ಬೇಕಾ? ತಗೊಂಡ್ರೆ ಕಾಫಿಗೆ ಬೆರೆಸಬಹುದಾ?"

ನಾನು ಪೊನ್ನಂಪೇಟೆ ಕಡೆಯವನು, ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಹಾಕಿ ಆಡುವ ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತೇನೆ. ಡಾಕ್ಟರ್ ಅಲ್ಲ. ಆದರೆ ಈ ಪುಡಿಯನ್ನು ನಾನು ಕುಡಿದಿದ್ದೇನೆ, ನನ್ನ ಅವ್ವನಿಗೆ ಕುಡಿಸಿದ್ದೇನೆ, ಒಂದು ಸಲ ಚೆನ್ನಾಗಿ ಮೋಸವನ್ನೂ ಹೋಗಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

"ನಾವು ಮಾಂಸ ತಿನ್ನೋ ಜನ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಕೊಡಗಿನಲ್ಲಿ ನಾವೆಲ್ಲರೂ ಹಾಗೇ ಅಂದುಕೊಂಡಿದ್ದೇವೆ. ಭಾನುವಾರ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಮದುವೆ ಮನೆಯಲ್ಲಿ ಪಂದಿ ಕರಿ, ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿ. ಸರಿ, ಸೋಮವಾರದಿಂದ ಶನಿವಾರದವರೆಗೆ ತಟ್ಟೆಯಲ್ಲಿ ಏನಿರುತ್ತದೆ? ಬೆಳಿಗ್ಗೆ ಅಕ್ಕಿ ಒಟ್ಟಿ (ರೊಟ್ಟಿ), ಇಲ್ಲವೇ ನೂಪುಟ್ಟು, ಕಡಂಬುಟ್ಟು, ಪಾಪುಟ್ಟು. ರೂಪ ಬೇರೆ, ಹೆಸರು ಬೇರೆ, ಒಳಗಿರುವುದು ಅಕ್ಕಿ. ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಕ್ಕಿಯಲ್ಲಿ 100 ಗ್ರಾಂಗೆ ಏಳೆಂಟು ಗ್ರಾಂ ಪ್ರೋಟೀನ್ ಅಷ್ಟೆ. ಭಾನುವಾರ ಎಷ್ಟೇ ತಿಂದರೂ ಅದು ಗುರುವಾರಕ್ಕೆ ಉಳಿಯುವುದಿಲ್ಲ. ಭತ್ತಕ್ಕೆ ಕಣಜ ಇದೆ, ಕೊಬ್ಬಿಗೆ ಹೊಟ್ಟೆಯ ಸುತ್ತ ಜಾಗ ಇದೆ. ಪ್ರೋಟೀನ್ ಎತ್ತಿಡುವುದಕ್ಕೆ ದೇಹದಲ್ಲಿ ಅಂಥ ಕಣಜ ಇಲ್ಲ. ಊಟದಲ್ಲಿ ಸಿಗದಿದ್ದರೆ ದೇಹ ಸ್ನಾಯುವಿನಿಂದಲೇ ಕಿತ್ತುಕೊಳ್ಳುತ್ತದೆ.

ನಿಮ್ಮ ಲೆಕ್ಕ ಮಾಡಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. 58 ಕೆ.ಜಿ.ಗೆ ಅದು 48 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಇನ್ನೂ ಹೆಚ್ಚು ಬೇಕು, ಆದರೆ ಕೆ.ಜಿ.ಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. ನಿಮಗೆ ಅದು 93 ಗ್ರಾಂ.

ಈಗ ತಟ್ಟೆ. ಮೂರು ಅಕ್ಕಿ ಒಟ್ಟಿ, ಚಟ್ನಿ: ಸುಮಾರು 10 ಗ್ರಾಂ. ಮಧ್ಯಾಹ್ನ ಅನ್ನ, ಬೇಳೆ ಸಾರು, ಪಲ್ಯ, ಮೊಸರು: 23. ಎರಡು ಲೋಟ ಹಾಲು ಹಾಕಿದ ಕಾಫಿ: 5 ಅಥವಾ 6. ರಾತ್ರಿ ಅನ್ನ, ಒಂದು ಮೊಟ್ಟೆಯ ಸಾರು: 15. ಒಟ್ಟು 54ರ ಆಸುಪಾಸು. ಅಂದರೆ ನೀವು ಉಪವಾಸ ಬಿದ್ದಿಲ್ಲ, ಬದುಕುವುದಕ್ಕೆ ಬೇಕಾದಷ್ಟು ಸಿಗುತ್ತಿದೆ. ಜಿಮ್ ಗುರಿಗೆ ಮಾತ್ರ ಸುಮಾರು 40 ಗ್ರಾಂ ಕಡಿಮೆ. ಆ ಕೊರತೆಯ ದೊಡ್ಡ ಪಾಲು ಇರುವುದು ಬೆಳಗಿನ ತಟ್ಟೆಯಲ್ಲಿ. ನನ್ನ ಮೈದಾನಕ್ಕೆ ಬರುವ ಮಕ್ಕಳನ್ನು ಕೇಳಿದರೂ ಇದೇ ಕತೆ. ಒಟ್ಟಿಯ ಜೊತೆ ಜೇನು, ಒಟ್ಟಿಯ ಜೊತೆ ತುಪ್ಪ, ಒಟ್ಟಿಯ ಜೊತೆ ಕುಂಬಳಕಾಯಿ ಕರಿ. ಅದು ರುಚಿ ಹೌದು, ನಾನೂ ತಿನ್ನುತ್ತೇನೆ. ಆದರೆ ಅದರ ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ ಯಾಕೆ ಇರುವುದಿಲ್ಲ?

ಬೆಳಿಗ್ಗೆ ಎರಡು ಮೊಟ್ಟೆ ಇಟ್ಟರೆ 12 ಗ್ರಾಂ ಬಂತು. ಸಂಜೆ ಒಂದು ದೊಡ್ಡ ಲೋಟ ಹಾಲು, 8 ಗ್ರಾಂ. ರಾತ್ರಿ ಊಟಕ್ಕೆ 40 ಗ್ರಾಂ ಸೋಯಾ ಚಂಕ್ಸ್, ಅಂಗಡಿಯಲ್ಲಿ ಮೀಲ್ ಮೇಕರ್ ಅಂತ ಕೇಳುತ್ತೀರಲ್ಲ ಅದು, 20 ಗ್ರಾಂ. ಕೊರತೆ ಅಲ್ಲೇ ಮುಗಿಯಿತು. ಸೋಯಾ ಬೇಡವೆಂದರೆ ಕಡಲೆ ಕಾಳು, ಹುರುಳಿ, ಒಂದು ಹಿಡಿ ಕಡಲೆಕಾಯಿ ಬೀಜ, ಸಂತೆಯಲ್ಲಿ ಸಿಕ್ಕ ಮೀನು.

ದುಡ್ಡಿನ ಲೆಕ್ಕವನ್ನೂ ಹಾಕಿಬಿಡಿ. 2 ಕೆ.ಜಿ. ಡಬ್ಬಿಯಲ್ಲಿ 33 ಗ್ರಾಂನ ಸುಮಾರು 60 ಚಮಚ (ಡಬ್ಬಿಯ ಜೊತೆ ಬರುವ ಅಳತೆ ಚಮಚ, ಸ್ಕೂಪ್) ಪುಡಿ ಇರುತ್ತದೆ. ಒಂದರಲ್ಲಿ 24 ಗ್ರಾಂ ಪ್ರೋಟೀನ್ ಇದೆ ಅಂತಲೇ ಇಟ್ಟುಕೊಳ್ಳಿ. 6,000 ರೂಪಾಯಿಗೆ ಒಂದು ಚಮಚಕ್ಕೆ 100 ರೂಪಾಯಿ ಬಿತ್ತು. ಅದೇ 24 ಗ್ರಾಂ ನಾಲ್ಕು ಮೊಟ್ಟೆಯಲ್ಲಿ ಸಿಗುತ್ತದೆ. ಮೊಟ್ಟೆಗೆ 7 ರೂಪಾಯಿ ಹಿಡಿದರೂ 28 ರೂಪಾಯಿ.

ಹಾಗಂತ ಪುಡಿ ವಿಷ ಅಂತ ನಾನು ಹೇಳುವುದಿಲ್ಲ. ವೇ ಅಂದರೆ ಹಾಲಿನದೇ ಭಾಗ. ಮನೆಯಲ್ಲಿ ಹಾಲು ಒಡೆದಾಗ ಗಟ್ಟಿ ಒಂದು ಕಡೆ, ತಿಳಿ ಹಸಿರು ಬಣ್ಣದ ನೀರು ಒಂದು ಕಡೆ ಆಗುತ್ತದಲ್ಲ, ಚೀಸ್ ಮಾಡುವ ಕಾರ್ಖಾನೆಗಳಲ್ಲಿ ಉಳಿಯುವ ಅಂಥದೇ ನೀರನ್ನು ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಕೇಸೀನ್, 20 ಈ ವೇ. ಕಾನ್ಸಂಟ್ರೇಟ್ ಅನ್ನುವುದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಸ್ವಲ್ಪ ಉಳಿದಿರುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಅದು ಆಗಿಬರುವುದಿಲ್ಲ, ಲ್ಯಾಕ್ಟೋಸ್ ಬಹುತೇಕ ತೆಗೆದಿರುವ ಐಸೊಲೇಟ್ ಪರವಾಗಿಲ್ಲ. ಬೆಳಿಗ್ಗೆ ಐದೂವರೆಗೆ ಬಸ್ ಹಿಡಿಯುವವರಿಗೆ, ಬಾಯಿಗೆ ಏನೂ ಸೇರದವರಿಗೆ ಅದು ಉಪಯೋಗಕ್ಕೆ ಬರುತ್ತದೆ. 2024ರಲ್ಲಿ ಬಂದ ಐಸಿಎಂಆರ್ ಆಹಾರ ಮಾರ್ಗಸೂಚಿ ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳುತ್ತದೆ. ಆರೋಗ್ಯವಾಗಿದ್ದು ಊಟ ಸೇರುವ ನಿಮ್ಮಂಥ ಹುಡುಗರ ಮಟ್ಟಿಗೆ ನನಗೂ ಅದೇ ಸರಿ ಅನಿಸುತ್ತದೆ.

ಊಟ ಸೇರದವರ ವಿಷಯ ಬೇರೆ. ನಮ್ಮ ಅವ್ವ 76ನೇ ವಯಸ್ಸಿನಲ್ಲಿ ಕಾಫಿ ಕಣದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎರಡು ತುತ್ತು ಗಂಜಿ, ಅಷ್ಟೆ. ತೊಡೆ ನನ್ನ ಕಣ್ಣೆದುರೇ ಸಣ್ಣಗಾಯಿತು. ಸ್ನಾನ ಮಾಡಿಸುವಾಗ ಕೈಗೆ ಬರೀ ಮೂಳೆ ಸಿಗುತ್ತಿತ್ತು. ಡಾಕ್ಟರು ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಕಿಡ್ನಿ ಸರಿ ಇದೆ ಅಂತ ನೋಡಿದ ಮೇಲೆ ದಿನಕ್ಕೆ ಒಂದು ಚಮಚ ವೇ ಹೇಳಿದರು. ವಯಸ್ಸಾದವರಿಗೆ ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕಾಗುತ್ತದೆ, ಗಂಜಿಯಲ್ಲಿ ಅದು ಎಲ್ಲಿಂದ ಬರಬೇಕು? ವೆನಿಲ್ಲಾ ವಾಸನೆಗೆ ಅವ್ವ ಮುಖ ತಿರುಗಿಸಿದರು. ಯಾವ ವಾಸನೆಯೂ ಇಲ್ಲದ್ದನ್ನು ತಂದು ಬೆಲ್ಲ ಹಾಕಿದ ರಾಗಿ ಗಂಜಿ ಆರಿದ ಮೇಲೆ ಕಲಸಿ ಕೊಟ್ಟೆ. ಕುಡಿದರು. ಜೊತೆಗೆ ಗೋಡೆ ಹಿಡಿದು ನಿಂತು ಕೂರುವ ವ್ಯಾಯಾಮವನ್ನೂ ಬಿಡದೆ ಮಾಡಿಸಿದೆ, ಬರೀ ಪುಡಿಯಿಂದ ಸ್ನಾಯು ಬರುವುದಿಲ್ಲ. ಮೂರು ತಿಂಗಳಿಗೆ ಊರುಗೋಲು ಹಿಡಿದು ಅಂಗಳಕ್ಕೆ ಬಂದರು.

ಅಮ್ಮನ ಭಯಕ್ಕೆ ಉತ್ತರವೂ ಇದರಲ್ಲೇ ಇದೆ. ಕಿಡ್ನಿ ಆರೋಗ್ಯವಾಗಿರುವವರಿಗೆ ಈ ಪ್ರಮಾಣದ ಪ್ರೋಟೀನಿನಿಂದ ಕಿಡ್ನಿ ಕೆಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಆದರೆ ಕಿಡ್ನಿ ಆಗಲೇ ಸೋತಿದ್ದರೆ ಪ್ರೋಟೀನ್ ಅದರ ಕೆಲಸ ಹೆಚ್ಚಿಸುತ್ತದೆ. ಡಯಾಲಿಸಿಸ್ ಹಂತಕ್ಕೆ ಹೋಗದ ಕಿಡ್ನಿ ರೋಗಿಗಳಿಗೆ ಡಾಕ್ಟರುಗಳು ಪ್ರೋಟೀನ್ ಕಡಿಮೆ ಮಾಡಿಸುವುದು ಅದಕ್ಕೇ. ಶುಗರ್, ಬಿ.ಪಿ. ಇರುವವರಿಗೆ ಕಿಡ್ನಿ ಸೋತಿರುವುದು ಮೊದಮೊದಲು ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದರೆ, ನಿಮಗೆ ಕಲ್ಲು ಆಗಿದ್ದರೆ, ಒಂದು ರಕ್ತ ಪರೀಕ್ಷೆ ಮಾಡಿಸಿ, ಅಮ್ಮನಿಗೆ ರಿಪೋರ್ಟ್ ತೋರಿಸಿ. ಅವರ ಮಾತನ್ನು ತಳ್ಳಿಹಾಕಬೇಡಿ.

ನನಗೆ ಕಿಡ್ನಿಗಿಂತ ಹೆಚ್ಚು ಭಯ ಇರುವುದು ಡಬ್ಬಿಯೊಳಗೆ ಏನಿದೆ ಅನ್ನುವುದರ ಬಗ್ಗೆ.

ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರು ಅರ್ಧ ಬೆಲೆಗೆ ತರಿಸಿಕೊಡುತ್ತೇನೆ ಅಂದರು. ಡಬ್ಬಿ ಹೊರಗಿನಿಂದ ನೋಡಲು ಅದೇ, ಹೊಳೆಯುವ ಲೇಬಲ್ಲೂ ಅದೇ. ಮುಚ್ಚಳದ ಕೆಳಗಿನ ಫಾಯಿಲ್ ಮಾತ್ರ ಒಂದು ಅಂಚಿನಲ್ಲಿ ಎದ್ದಿತ್ತು, ಪ್ರಯಾಣದಲ್ಲಿ ಹಾಗಾಗಿದೆ ಅಂದುಕೊಂಡೆ. ಹದಿನೈದು ದಿನ ಕುಡಿದೆ. ಒಂದು ದಿನ ಬಿಸಿ ಹಾಲಿಗೆ ಹಾಕಿದಾಗ ಅದು ಗಂಜಿಯ ಹಾಗೆ ನುಣ್ಣಗೆ ದಪ್ಪಗಾಯಿತು. ನಿಜವಾದ ವೇ ಸಾಮಾನ್ಯವಾಗಿ ಬಿಸಿಗೆ ಒಡೆದು ಚೂರುಚೂರಾಗುತ್ತದೆ, ಹೀಗೆ ಲೋಳೆ ಆಗುವುದಿಲ್ಲ. ಮರುದಿನ ಶಾಲೆಗೆ ಎರಡು ಪೊಟ್ಟಣ ಒಯ್ದೆ, ಒಂದು ಹಳೇ ಡಬ್ಬಿಯ ತಳದಲ್ಲಿ ಉಳಿದದ್ದು, ಇನ್ನೊಂದು ಹೊಸದು. ವಿಜ್ಞಾನದ ಮೇಡಂ ಎರಡನ್ನೂ ನೀರಿನಲ್ಲಿ ಕದಡಿ ಒಂದೊಂದು ಹನಿ ಅಯೋಡಿನ್ ಬಿಟ್ಟರು. ಹಳೆಯದು ಅಯೋಡಿನ್ನಿನ ಹಳದಿಯಲ್ಲೇ ಉಳಿಯಿತು. ಹೊಸದು ಶಾಯಿ ಚೆಲ್ಲಿದ ಹಾಗೆ ಕಡುನೀಲಿಯಾಯಿತು. ಶಾಲೆಯ ಮಕ್ಕಳು ಆಲೂಗಡ್ಡೆ ಮೇಲೆ ಮಾಡುವ ಪಿಷ್ಟದ ಪರೀಕ್ಷೆ ಅದು. ಹದಿನೈದು ದಿನ ನಾನು ಕುಡಿದಿದ್ದು ಬಣ್ಣ, ವಾಸನೆ ಹಾಕಿದ ಹಿಟ್ಟು ಬೆರೆತ ಪುಡಿ.

ಈ ಪರೀಕ್ಷೆಗೆ ಸಿಗುವುದು ಹಿಟ್ಟು ಮಾತ್ರ. ಸಕ್ಕರೆ ಸಿಗುವುದಿಲ್ಲ. ಅದಕ್ಕಿಂತ ಜಾಣ ಮೋಸವೂ ಸಿಗುವುದಿಲ್ಲ. ಲ್ಯಾಬಿನಲ್ಲಿ ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ನೈಟ್ರೋಜನ್ ಎಷ್ಟಿದೆ ನೋಡಿ ಅದನ್ನು ಹಾಲಿನಂಥ ಆಹಾರಕ್ಕೆ ಆರೂಕಾಲರ ಆಸುಪಾಸಿನ ಸಂಖ್ಯೆಯಿಂದ ಗುಣಿಸುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ವಸ್ತು ಬೆರೆಸಿದರೆ ನೈಟ್ರೋಜನ್ ಏರುತ್ತದೆ, ಕಾಗದದ ಮೇಲೆ ಪ್ರೋಟೀನ್ ಏರುತ್ತದೆ, ನಿಮ್ಮ ತೋಳಿಗೆ ಏನೂ ಬರುವುದಿಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆಸಿದ್ದೂ ಇದೇ ಲೆಕ್ಕವನ್ನು ಏಮಾರಿಸಲು. ಆರು ಹಸುಗೂಸುಗಳು ಸತ್ತವು. ನಮ್ಮಲ್ಲೂ 2024ರಲ್ಲಿ ಕೇರಳದ ಲಿವರ್ ವೈದ್ಯರೊಬ್ಬರ ತಂಡ ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿತು. 25ರಲ್ಲಿ ಲೇಬಲ್ ಮೇಲಿನ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು. ನೂರಕ್ಕೆ 14ರಷ್ಟರಲ್ಲಿ ಅಫ್ಲಾಟಾಕ್ಸಿನ್, ಅಂದರೆ ಬೂಸ್ಟಿನಿಂದ (ಶಿಲೀಂಧ್ರದಿಂದ) ಬರುವ, ಲಿವರಿಗೆ ಕೆಡುಕು ಮಾಡುವ ವಿಷ, ಸಿಕ್ಕಿತು.

ಅದಕ್ಕೇ, ಇಷ್ಟೆಲ್ಲ ಹೇಳಿದ ಮೇಲೂ ಕೊಳ್ಳುತ್ತೀರಿ ಅಂದರೆ ಅರ್ಧ ಬೆಲೆಯವರ ಹತ್ತಿರ ಹೋಗಬೇಡಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ, ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು ವಿಳಾಸ ಇದೆಯಾ ನೋಡಿ. ಫಾಯಿಲ್ ಎದ್ದಿದ್ದರೆ ಅಲ್ಲೇ ವಾಪಸ್ ಕೊಡಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ವೇ ಆಗಿರಬೇಕು. ಮೊದಲು ಬರುವುದು ಮಾಲ್ಟೋಡೆಕ್ಸ್‌ಟ್ರಿನ್ ಆಗಿದ್ದರೆ ನೀವು ಪ್ರೋಟೀನ್ ದರಕ್ಕೆ ಪಿಷ್ಟದ ಪುಡಿ ಕೊಳ್ಳುತ್ತಿದ್ದೀರಿ. ತೂಕ ಹೆಚ್ಚಿಸಲು ಅಂತ ಮಾರುವ ಮಾಸ್ ಗೇನರ್ ಡಬ್ಬಿಗಳಲ್ಲಿ ಇದು ಮಾಮೂಲು. ಅನ್ನ ನಮ್ಮ ಮನೆಯಲ್ಲೇ ಬೇಕಾದಷ್ಟಿದೆ. ಲೇಬಲ್ ಇಲ್ಲದ ಮಾತ್ರೆ, ಇಂಜೆಕ್ಷನ್ ಯಾರಾದರೂ ಪುಡಿಯ ಜೊತೆ ಕೊಟ್ಟರೆ ಆ ಜಿಮ್ಮನ್ನೇ ಬಿಡಿ. ಹಾಕಿ, ಅಥ್ಲೆಟಿಕ್ಸ್ ಅಂತ ಸ್ಪರ್ಧೆಗೆ ಹೋಗುವವರಾದರೆ ಇನ್ನೂ ಎಚ್ಚರ ಬೇಕು. ಪುಡಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದು ನನಗೆ ಗೊತ್ತಿರಲಿಲ್ಲ ಅಂದರೂ ಡೋಪಿಂಗ್ ನಿಯಮದಲ್ಲಿ ತಪ್ಪು ನಿಮ್ಮದೇ ಆಗುತ್ತದೆ. ನನ್ನ ಮೈದಾನದ ಮಕ್ಕಳಿಗೆ ನಾನು ಒಂದು ಚಮಚವನ್ನೂ ಕೊಟ್ಟಿಲ್ಲ, ಮೊಟ್ಟೆ ತನ್ನಿ ಅನ್ನುತ್ತೇನೆ.

ಮಳೆಗಾಲದ ಮಾತು ಬೇರೆಯವರು ಹೇಳುವುದಿಲ್ಲ, ನಮ್ಮೂರಿನವರಿಗೆ ಅದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು. 2 ಕೆ.ಜಿ. ಡಬ್ಬಿಯನ್ನು ಎರಡು ತಿಂಗಳು ದಿನಾ ತೆಗೆದು ಮುಚ್ಚಿದರೆ ಪುಡಿ ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಮಳೆಗಾಲಕ್ಕೆ ಸಣ್ಣ ಪೊಟ್ಟಣ ಕೊಳ್ಳಿ. ವಾರಕ್ಕೆ ಬೇಕಾದಷ್ಟನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿ, ಉಳಿದದ್ದನ್ನು ಮುಟ್ಟಬೇಡಿ. ಒಳಗಿರುವ ಸಿಲಿಕಾ ಪೊಟ್ಟಣ ಎಸೆಯಬೇಡಿ. ಒದ್ದೆ ಚಮಚ ಹಾಕಬೇಡಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗಿಟ್ಟು, ಜರಡಿ ಹಿಡಿದು ಉಳಿಸಿಕೊಳ್ಳಲು ನೋಡಬೇಡಿ, ಪೂರ್ತಿ ಎಸೆದುಬಿಡಿ. ಬೂಸ್ಟು ಹೋದರೂ ಅದರ ವಿಷ ಪುಡಿಯಲ್ಲೇ ಇರುತ್ತದೆ.

ಇನ್ನು ಕಾಫಿ. ಬೆರೆಸಬಹುದು. ಕುದಿಯುವ ಕಾಫಿಗೆ ನೇರ ಸುರಿದರೆ ಗಂಟುಗಂಟಾಗಿ ಮೇಲೆ ತೇಲುತ್ತದೆ. ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ, ಬಾಯಿಗೆ ಮಾತ್ರ ಹಿತ ಇಲ್ಲ. ಅರ್ಧ ಲೋಟ ತಣ್ಣನೆಯ ಹಾಲಿನಲ್ಲಿ ಪುಡಿಯನ್ನು ಮೊದಲು ಗಂಟಿಲ್ಲದೆ ಕಲಸಿಕೊಳ್ಳಿ, ಆಮೇಲೆ ಸ್ವಲ್ಪ ಆರಿದ ಡಿಕಾಕ್ಷನ್ ನಿಧಾನಕ್ಕೆ ಹುಯ್ಯುತ್ತಾ ತಿರುಗಿಸಿ. ಸಂಜೆ ಆರರ ಮೇಲೆ ಹೀಗೆ ಕುಡಿಯಬೇಡಿ, ನಿದ್ದೆ ಕೆಟ್ಟರೆ ಜಿಮ್ಮಿನ ಶ್ರಮ ಅರ್ಧ ಹೋಗುತ್ತದೆ. ಮೊದಲು ಒಂದು ತಿಂಗಳು ಬೆಳಗಿನ ಎರಡು ಮೊಟ್ಟೆ, ರಾತ್ರಿಯ ಸೋಯಾ ಮಾಡಿ ನೋಡಿ, ಎತ್ತುವ ಭಾರ ಎಷ್ಟಾಯಿತು ಅಂತ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಉತ್ತರ ಕೊಡುತ್ತೇನೆ.