ಬೇಲಿಫ್ ಕಾಗದ ಬಂದಿದೆ ಎಂದು ಕೇಳಿದ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳು, ಅಷ್ಟರಲ್ಲೇ ಒಂದು ಸಲ ಮನೆ ಬದಲಾಯಿಸಿದ್ದೀರಿ. ಈಗ ಯಾವತ್ತಿನದೋ ಕೌನ್ಸಿಲ್ (ಸ್ಥಳೀಯ ಆಡಳಿತ) ಪಾರ್ಕಿಂಗ್ ದಂಡಕ್ಕೆ ಬೇಲಿಫ್, ಅಂದರೆ ಬಾಕಿ ವಸೂಲಿಗೆ ಮನೆಗೇ ಬರುವ ಅಧಿಕಾರಿಯ ಕಾಗದ ಬಂದಿದೆ. ಯಜಮಾನರಿಗೆ ನೈಟ್ ಶಿಫ್ಟ್, ಮನೆಯಲ್ಲಿ ನೀವು, ಕೂಸು ಇಬ್ಬರೇ. ಪೊಲೀಸರು ಬರ್ತಾರಾ ಅಂತ ಕೇಳಿದ್ದೀರಿ. ಬರುವುದಿಲ್ಲ. ಕೌನ್ಸಿಲ್ ಹಾಕುವ ಪಾರ್ಕಿಂಗ್ ಪಿಸಿಎನ್ (ದಂಡದ ಚೀಟಿ) ಕ್ರಿಮಿನಲ್ ಕೇಸಲ್ಲ, ಸಿವಿಲ್ ಬಾಕಿ. ಅದಕ್ಕೆ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ.

ಆದರೆ ಬಾಗಿಲ ವಿಷಯ ಗಟ್ಟಿಯಾಗಿ ನೆನಪಿಡಿ. 2016ರಲ್ಲಿ ನನಗೂ ಹೀಗೇ ಆಗಿತ್ತು. ಬೆಳಿಗ್ಗೆ ಏಳೂ ಆಗಿರಲಿಲ್ಲ, ಎದೆಗೆ ಕ್ಯಾಮೆರಾ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಬಾಗಿಲು ಬಡಿದ. ಊರಿಂದ ಬಂದಿದ್ದ ಅಮ್ಮ ಯಾರೋ ಪರಿಚಯದವರು ಅಂದುಕೊಂಡು ಬಾಗಿಲು ಪೂರ್ತಿ ತೆಗೆದು ಕೈಸನ್ನೆಯಲ್ಲೇ ಒಳಗೆ ಕರೆದರು, ನೀರೂ ತಂದುಕೊಟ್ಟರು. ಆತ ನೀರು ಕುಡಿದು, ಟಿವಿ, ಸೋಫಾ, ಮೈಕ್ರೋವೇವ್ ಒಂದೊಂದನ್ನೇ ನೋಡಿ ಪಟ್ಟಿ ಬರೆದುಕೊಂಡ. ಒಂದು ಸಲ ಒಳಗೆ ಬಿಟ್ಟು, ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆ ಎಂದು ಆ ಪಟ್ಟಿಗೆ ಸಹಿ ಹಾಕಿದ ಮೇಲೆ ಕಂತು ತಪ್ಪಿದರೆ ಬಲವಂತವಾಗಿ ಒಳಬರುವ ಅಧಿಕಾರವೂ ಅವರಿಗೆ ಸಿಗುತ್ತದೆ. ಬಿಡದಿದ್ದರೆ ಪಾರ್ಕಿಂಗ್ ದಂಡಕ್ಕಾಗಿ ಬಾಗಿಲು ಮುರಿಯುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ನುಗ್ಗುವಂತಿಲ್ಲ. ಬೆಳಿಗ್ಗೆ 6ರಿಂದ ರಾತ್ರಿ 9ರೊಳಗೆ ಮಾತ್ರ ಬರಬೇಕು. ಬಾಗಿಲ ಚಿಲಕ ಹಾಕಿಕೊಂಡೇ, ಲೆಟರ್ ಬಾಕ್ಸ್ ಕಿಂಡಿಯಿಂದ ಗುರುತಿನ ಚೀಟಿ ತೋರಿಸಿ ಅನ್ನಿ. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸಿ ಮಾತಾಡುವುದು ನಮಗೆ ಕಷ್ಟವೇ, ಆದರೂ ಹಾಗೇ ಮಾಡಿ. ಆದರೆ ಕಾರು ಹೊರಗಿದ್ದರೆ ಅದು ಕದಲದಂತೆ ಚಕ್ರಕ್ಕೆ ಕ್ಲ್ಯಾಂಪ್ ಹಾಕಬಲ್ಲರು.

ಇನ್ನು, ಕಾಗದ ಯಾರದು ಎಂದು ಸರಿಯಾಗಿ ನೋಡಿ. ಸೂಪರ್ ಮಾರ್ಕೆಟಿನ ಕಾರ್ ಪಾರ್ಕ್ ನಡೆಸುವ ಖಾಸಗಿ ಕಂಪನಿಗಳೂ ಪಿಸಿಎನ್ ಅನ್ನುವ ಅಕ್ಷರಗಳನ್ನೇ ಬಳಸುತ್ತವೆ. ಅವರ ಪರವಾಗಿ ಬರೆಯುವ ಸಾಲ ವಸೂಲಿಯವರಿಗೆ ಕಾಗದ ಬರೆಯುವುದು, ಫೋನ್ ಮಾಡುವುದು ಬಿಟ್ಟರೆ ಬೇರೆ ಅಧಿಕಾರವಿಲ್ಲ. ನಿಮ್ಮದು 'ನೋಟಿಸ್ ಆಫ್ ಎನ್ಫೋರ್ಸ್‌ಮೆಂಟ್' ಆಗಿದ್ದರೆ ಅದು ನಿಜವಾದ ಬೇಲಿಫ್ ಕಾಗದ, ಪೂರ್ತಿ ಏಳು ದಿನ ಗಡುವು ಕೊಟ್ಟಿರುತ್ತಾರೆ.

ಆ ಏಳು ದಿನವನ್ನು ಕಳೆಯಬೇಡಿ. ಲಂಡನ್ನಿನ ಹೊರಗೆ 70 ಪೌಂಡ್ ದಂಡವನ್ನು 14 ದಿನದೊಳಗೆ ಕಟ್ಟಿದ್ದರೆ 35ಕ್ಕೇ ಮುಗಿಯುತ್ತಿತ್ತು. ಬಿಟ್ಟರೆ 105 ಆಗುತ್ತದೆ, ಆಮೇಲೆ ಕೋರ್ಟ್ ನೋಂದಣಿ ಶುಲ್ಕ. ಬೇಲಿಫ್ ಕೈಗೆ ಹೋದ ಕೂಡಲೇ 75, ಮನೆಗೆ ಬಂದರೆ ಇನ್ನೂ 235. ಬೇಲಿಫ್‌ನ ಈ ಎರಡು ಶುಲ್ಕ 2014ರಲ್ಲಿ ನಿಗದಿಯಾದವು, ಈಗಿನದನ್ನು ಕಾಗದದಲ್ಲೇ ನೋಡಿಕೊಳ್ಳಿ. 35ರದ್ದು 400 ದಾಟುವುದು ಹೀಗೆ. ಆತ ಮನೆಗೆ ಬರುವ ಮೊದಲೇ ಏನಾದರೂ ಮಾಡಬೇಕು ಅನ್ನುವುದು ಇದಕ್ಕೇ.

ಮಾಡಬೇಕಾದ್ದು ಇಷ್ಟು. ಹಳೆಯ ಕಾಗದಗಳು ನಿಮ್ಮ ಕೈಸೇರಲೇ ಇಲ್ಲ ಅಂದಿರಲ್ಲ, ಕಾರಣ ಬಹುಶಃ ಕಾರಿನ ಲಾಗ್‌ಬುಕ್, ಅಂದರೆ ನೋಂದಣಿ ಪತ್ರ. ಡ್ರೈವಿಂಗ್ ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸಿದರೆ ಲಾಗ್‌ಬುಕ್ ತಾನಾಗಿ ಬದಲಾಗುವುದಿಲ್ಲ, ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ಬೇರೆಯಾಗಿ ತಿಳಿಸಬೇಕು. ನಾನು ಎಡವಿದ್ದೂ ಅಲ್ಲೇ. ಕೌನ್ಸಿಲ್ ನೋಟಿಸುಗಳೆಲ್ಲ ಹಳೇ ಮನೆಯ ಬಾಗಿಲಲ್ಲಿ ಬಿದ್ದಿದ್ದವು. ಮೊದಲು ಅದನ್ನು ಸರಿಪಡಿಸಿ.

ಆಮೇಲೆ ಈ ದಂಡಗಳನ್ನು ನೋಂದಾಯಿಸುವ ಕೋರ್ಟ್ ಕಚೇರಿ, ನಾರ್ಥಾಂಪ್ಟನ್ನಿನ ಟ್ರಾಫಿಕ್ ಎನ್ಫೋರ್ಸ್‌ಮೆಂಟ್ ಸೆಂಟರಿಗೆ ಟಿಇ9, ಟಿಇ7 ಎರಡೂ ಫಾರಂ ಕಳಿಸಿ. ಒಂಬತ್ತರಲ್ಲಿ ನೋಟಿಸ್ ಬರಲಿಲ್ಲ ಎಂದು, ಏಳರಲ್ಲಿ ತಡವೇಕಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಳ್ಳು ಒಂದಕ್ಷರವೂ ಬೇಡ, ಸತ್ಯವೆಂದು ಸಹಿ ಹಾಕುವ ಕಾಗದ ಅದು. ಕಾರು ಯಜಮಾನರ ಹೆಸರಲ್ಲಿದ್ದರೆ ಸಹಿಯೂ ಅವರದೇ ಇರಬೇಕು. ಅರ್ಜಿ ತೀರ್ಮಾನವಾಗುವ ತನಕ ವಸೂಲಿ ನಿಲ್ಲುತ್ತದೆ. ಒಪ್ಪಿದರೆ ಬೇಲಿಫ್ ಶುಲ್ಕ ಬಿದ್ದುಹೋಗಿ ಕೌನ್ಸಿಲ್ ಜತೆ ಮೊದಲಿನಿಂದ ಮಾತು, ಆದರೆ ಮೂಲ ದಂಡ ಮನ್ನಾ ಆಗುವುದಿಲ್ಲ. ಅರ್ಜಿ ಹಾಕಿದ್ದೇವೆ, ಮನೆಯಲ್ಲಿ ಹಸುಗೂಸಿದೆ ಎಂದು ಬೇಲಿಫ್ ಕಂಪನಿಗೂ ಈಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರು ದುಡ್ಡು ತಗೊಳ್ಳದೆ ಸಹಾಯ ಮಾಡುತ್ತಾರೆ, ಸಂಕೋಚಪಡಬೇಡಿ.

ಕಾಗದದ ಮೇಲಿನ ತಾರೀಖು ಯಾವುದು ಅಂತ ಈಗಲೇ ನೋಡಿ ಹೇಳಿ. ಯಜಮಾನರು ಡ್ಯೂಟಿಗೆ ಹೊರಡುವ ಮುಂಚೆ ಫೋನ್ ಮಾಡಿಸಿ, ಇಬ್ಬರೂ ಕೂತು ಫಾರಂ ತುಂಬೋಣ.