ನೆನೆದ ಮನೆಯನ್ನು ಒಣಗಿಸಲು ಅಡ್ಜಸ್ಟರ್‌ಗಾಗಿ ಕಾಯಬೇಡಿ

ಮೇಲಿನ ಮಹಡಿಯಲ್ಲಿ ವಾಷಿಂಗ್ ಮೆಷಿನ್ನಿನ ಪೈಪು ಒಡೆದು ಕೆಳಗಿನ ಕೋಣೆಯ ಸೀಲಿಂಗು, ಗೋಡೆ, ಕಾರ್ಪೆಟ್ ಎಲ್ಲವೂ ನೆನೆದಿವೆ, ವಿಮಾ ಕಂಪನಿಯ ಅಡ್ಜಸ್ಟರ್ (ಹಾನಿಯನ್ನು ಪರಿಶೀಲಿಸಿ ಅಂದಾಜು ಮಾಡುವವರು) ಬಂದು ನೋಡುವ ಮೊದಲು ಏನನ್ನಾದರೂ ಮುಟ್ಟಿದರೆ ಕ್ಲೇಮ್ ಕೈತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಮೊದಲ ಮನೆ ಕೊಂಡವರಿಗೆ ಈ ಅಳುಕು ಸಹಜ. ಆದರೆ ನಿಜವಾದ ಅಪಾಯವಿರುವುದು ಮುಟ್ಟದೆ ಬಿಡುವುದರಲ್ಲಿ. ಹಾನಿ ಇನ್ನಷ್ಟು ಹೆಚ್ಚದಂತೆ ತಡೆಯುವ ಹೊಣೆಯನ್ನು ಇಲ್ಲಿನ ಪಾಲಿಸಿಗಳು ಮಾಲೀಕರ ಮೇಲೆಯೇ ಹೊರಿಸುತ್ತವೆ. ನೆನೆದದ್ದನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಬೆಳೆಯುವುದಿಲ್ಲ ಎಂದು ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ತಿಳಿಸುತ್ತದೆ. ಬೂಷ್ಟಿಗೆ ಕೊಡುವ ಪರಿಹಾರಕ್ಕೆ ಅನೇಕ ಪಾಲಿಸಿಗಳಲ್ಲಿ ಮಿತಿಯಿರುವುದರಿಂದ ಈ ಎರಡು ದಿನಗಳನ್ನು ಕಳೆದುಕೊಳ್ಳಬಾರದು.

ನೀರಿನ ಮುಖ್ಯ ವಾಲ್ವ್ ಮುಚ್ಚಿ, ನೆನೆದ ಭಾಗಕ್ಕೆ ಹೋಗುವ ವಿದ್ಯುತ್ತನ್ನು ಸುರಕ್ಷಿತವಾಗಿ ಆರಿಸಿದ ಮೇಲೆ, ಒಂದು ವಸ್ತುವನ್ನೂ ಸರಿಸದೆ ಪ್ರತಿಯೊಂದು ಕೋಣೆಯ ಚಿತ್ರ ಮತ್ತು ವಿಡಿಯೊ ತೆಗೆದುಕೊಳ್ಳಿ. ಕಂಪನಿಗೆ ಅಂದೇ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ, ಮಾತನಾಡಿದವರ ಹೆಸರನ್ನೂ ಸಮಯವನ್ನೂ ಬರೆದಿಡಿ, ಮಾತಿನಲ್ಲಿ ಒಪ್ಪಿದ್ದನ್ನು ಇಮೇಲಿನಲ್ಲಿ ಮತ್ತೊಮ್ಮೆ ತಿಳಿಸಿ. ಆಮೇಲೆ ನೀರನ್ನು ಹೊರತೆಗೆಸಿ, ಫ್ಯಾನು ಮತ್ತು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇರಿಸಿ ಒಣಗಿಸಲು ತೊಡಗಬಹುದು. ಒಡೆದ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ. ನೀರು ಹಠಾತ್ತಾಗಿ, ಆಕಸ್ಮಿಕವಾಗಿ ಸುರಿಯಿತೋ ಅಥವಾ ವಾರಗಟ್ಟಲೆ ಜಿನುಗುತ್ತಿತ್ತೋ ಎಂಬುದರ ಮೇಲೆಯೇ ನಿಮ್ಮ ಕ್ಲೇಮ್ ನಿಂತಿದೆ. ಮೊದಲನೆಯದಕ್ಕೆ ಸಾಮಾನ್ಯ ಪಾಲಿಸಿ ಪರಿಹಾರ ಕೊಡುತ್ತದೆ, ಎರಡನೆಯದಕ್ಕೆ ಬಹುಮಟ್ಟಿಗೆ ಇಲ್ಲ. ಆ ಪೈಪು, ಪ್ಲಂಬರ್ ಬರೆದುಕೊಟ್ಟ ವರದಿ ಮತ್ತು ಕತ್ತರಿಸಿ ತೆಗೆದ ಕಾರ್ಪೆಟ್ಟಿನ ಒಂದು ತುಂಡು ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ. ಫೋನಿನಲ್ಲಿ ಕಾರಣವನ್ನು ಊಹಿಸಿ ಹೇಳಬೇಡಿ, ಕಂಡದ್ದನ್ನಷ್ಟೇ ಹೇಳಿ. ಹೊರಗಿನಿಂದ ನುಗ್ಗುವ ಪ್ರವಾಹದ ನೀರಿಗೆ ಬೇರೆಯದೇ ವಿಮೆ ಬೇಕು, ಚರಂಡಿ ಹಿಮ್ಮೊಗವಾಗಿ ಉಕ್ಕಿದರೆ ಪಾಲಿಸಿಗೆ ಮೊದಲೇ ಸೇರಿಸಿದ ರಕ್ಷಣೆ ಬೇಕು. ನಿಮ್ಮದು ಇವೆರಡೂ ಅಲ್ಲ.

ಹಣದ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಸೋಲುವುದು ಮೊದಲ ಚೆಕ್ಕನ್ನೇ ಕೊನೆಯದೆಂದು ತಿಳಿದಾಗ. ಹೊಸ ವಸ್ತುವಿನ ಬೆಲೆ ಕೊಡುವ ಪಾಲಿಸಿಯಿದ್ದರೂ, ಕಂಪನಿ ಸಾಮಾನ್ಯವಾಗಿ ಮೊದಲು ಹಳತಾದುದರ ಸವಕಳಿಯನ್ನೂ ನಿಮ್ಮ ಡಿಡಕ್ಟಿಬಲ್ಲನ್ನೂ (ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊತ್ತ) ಕಳೆದು ಉಳಿದದ್ದನ್ನಷ್ಟೇ ಕೊಡುತ್ತದೆ. ರಿಪೇರಿ ಮುಗಿಸಿ ಬಿಲ್ಲುಗಳನ್ನು ಕಳುಹಿಸಿದ ಮೇಲೆ, ತಡೆಹಿಡಿದ ಸವಕಳಿಯ ಮೊತ್ತ ಬರುತ್ತದೆ. ಇದನ್ನು ಕೇಳಲು ಗಡುವಿರುತ್ತದೆ, ಅದನ್ನು ಈಗಲೇ ಪಾಲಿಸಿಯಲ್ಲಿ ಹುಡುಕಿ ಗುರುತು ಹಾಕಿಕೊಳ್ಳಿ. ಕಂಪನಿಯ ಅಂದಾಜು ಕಡಿಮೆಯೆನಿಸಿದರೆ ವಾದ ಮಾಡುವುದಕ್ಕಿಂತ ನಿಮ್ಮ ಕಂಟ್ರಾಕ್ಟರ್‌ನಿಂದ ಸಾಲುಸಾಲಾಗಿ ವಿವರಿಸಿದ ಅಂದಾಜು ಬರೆಸಿ ಅದರೊಂದಿಗೆ ಹೋಲಿಸಿ ಕಳುಹಿಸುವುದು ಫಲಕಾರಿ: ಗೋಡೆಯೊಳಗಿನ ಇನ್ಸುಲೇಷನ್, ಪೂರ್ಣ ಗೋಡೆಗೆ ಬಣ್ಣ ಮುಂತಾದವು ಅಡ್ಜಸ್ಟರ್‌ನ ಪಟ್ಟಿಯಲ್ಲಿ ಬಿಟ್ಟುಹೋಗಿರುವುದುಂಟು. ಮನೆ ವಾಸಕ್ಕೆ ಯೋಗ್ಯವಲ್ಲದಿದ್ದರೆ ಹೋಟೆಲಿನ ಹೆಚ್ಚುವರಿ ಖರ್ಚನ್ನೂ ಕೇಳಬಹುದು, ರಸೀದಿಗಳಿರಲಿ. ದೊಡ್ಡ ಮೊತ್ತದ ಚೆಕ್ಕಿನಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುತ್ತದೆಂಬುದನ್ನು ಕಂಟ್ರಾಕ್ಟರ್‌ಗೆ ದಿನಾಂಕ ಕೊಡುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಬ್ಯಾಂಕಿನ ಸಹಿಗೆ ಸಮಯ ಹಿಡಿಯುತ್ತದೆ.

ಒಣಗಿಸಲು ಬಂದವರು ಅವಸರದಲ್ಲಿ ಮುಂದಿಡುವ ಕಾಗದವನ್ನು ಓದದೆ ಸಹಿ ಮಾಡಬೇಡಿ. ಪರಿಹಾರ ಪಡೆಯುವ ನಿಮ್ಮ ಹಕ್ಕನ್ನೇ ಅವರಿಗೆ ಬರೆದುಕೊಡುವ ಷರತ್ತು ಕೆಲವೊಮ್ಮೆ ಅದರಲ್ಲಿರುತ್ತದೆ. ಕಂಪನಿ ನಿರಾಕರಿಸಿದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಲಿಖಿತವಾಗಿ ಕೇಳಿ. ಆ ಉತ್ತರವೂ ಸಮಂಜಸವೆನಿಸದಿದ್ದರೆ ನಿಮ್ಮ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಲು ನಿಮಗೆ ಸಂಪೂರ್ಣ ಹಕ್ಕಿದೆ, ವಲಸೆ ಬಂದವರೆಂಬ ಸಂಕೋಚ ಅದಕ್ಕೆ ಅಡ್ಡಬರಬೇಕಿಲ್ಲ.