ಬಿಟ್ಟುಹೋದ ಓದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ರಾತ್ರಿಯಿಡೀ ಕೂತು ಕಾದಂಬರಿ ಮುಗಿಸುತ್ತಿದ್ದವಳು ನಾನು. ಈಗ ಆರು ವರ್ಷದವಳೊಬ್ಬಳು, ಮೂರು ವರ್ಷದವನೊಬ್ಬ, ಮೇಲೆ ಆಫೀಸು. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಹುರುಪಿಗೆ ನಾಲ್ಕು ಪುಸ್ತಕ ತಂದೆ. ಒಂದೂ ಮುಗಿದಿಲ್ಲ. ಮಕ್ಕಳು ಮಲಗಿದ ಮೇಲೆ ಹಿಡಿದರೆ ಎರಡನೇ ಪುಟಕ್ಕೆ ತೂಕಡಿಕೆ. ಮಾರನೇ ದಿನ ತೆರೆದರೆ ಯಾರು ಯಾರ ಮಗ ಅನ್ನುವುದೇ ಮರೆತಿರುತ್ತದೆ. ಸಮಯ ಹೊಂದಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಸಾಲಿನಲ್ಲಿ ಸಮಯ ಕೇಳಿದ್ದೀರಿ. ಆದರೆ ಕಾಯಿಲೆಯನ್ನು ಅದರ ಹಿಂದಿನ ಸಾಲಿನಲ್ಲೇ ಬರೆದಿದ್ದೀರಿ: ಎಳೆ ತಪ್ಪುತ್ತಿದೆ. ಸಿಗುವ ಹದಿನೈದು ನಿಮಿಷದಲ್ಲಿ ಐದು ನಿಮಿಷ 'ಎಲ್ಲಿದ್ದೆ' ಎಂದು ತಡಕುವುದಕ್ಕೇ ಹೋದರೆ ನಾಲ್ಕನೇ ದಿನ ಪುಸ್ತಕದ ಮೇಲೆ ಇಸ್ತ್ರಿ ಬಟ್ಟೆ ಕೂರುತ್ತದೆ. ಮೊದಲು ಇದನ್ನು ಸರಿಮಾಡಿಕೊಳ್ಳಿ.

ಪುಸ್ತಕದೊಳಗೆ ಅಂಗೈಯಗಲದ ಚೀಟಿ, ಜೊತೆಗೊಂದು ಮೋಟು ಪೆನ್ಸಿಲ್ ಇಡಿ. ಚೀಟಿಯ ಒಂದು ಬದಿಗೆ ಪಾತ್ರಗಳ ಹೆಸರು, ಸಂಬಂಧ. ಇನ್ನೊಂದು ಬದಿಗೆ ನಿಲ್ಲಿಸುವಾಗ ಒಂದೇ ಸಾಲು: ಈಗ ಏನಾಗುತ್ತಿತ್ತು. ಅಧ್ಯಾಯ ಮುಗಿಸಿಯೇ ಏಳಬೇಕೆಂಬ ಹಟ ಬೇಡ. ಮಾತುಕತೆಯ ನಡುವೆ ಬಿಟ್ಟೆದ್ದ ಪುಸ್ತಕ ಮಾರನೇ ದಿನ ತಾನೇ ಕರೆಯುತ್ತದೆ; ಅಧ್ಯಾಯ ಮುಗಿದ ಕಡೆ ಬಿಟ್ಟರೆ ಹೊಸದಾಗಿ ಶುರುಮಾಡಿದಷ್ಟೇ ಭಾರ. ಮತ್ತೆ ತೆರೆದಾಗ ಹಿಂದಿನ ಅರ್ಧ ಪುಟ ಓದಿಕೊಂಡೇ ಮುಂದಕ್ಕೆ ಹೋಗಿ.

ಇನ್ನು ಪುಸ್ತಕದ ಆಯ್ಕೆ. ಬಹಳ ಜನ ಎಡವುವುದು ಇಲ್ಲೇ. ಕಾಲೇಜಿನ ದಿನಗಳ ಅಭಿಮಾನದಲ್ಲಿ ಮೂರು ತಲೆಮಾರಿನ, ಆರುನೂರು ಪುಟದ ಕಾದಂಬರಿಯಿಂದಲೇ ಶುರುಮಾಡುತ್ತಾರೆ. ಅದು ದಸರಾ ರಜೆಗಿರಲಿ. ಮೊದಲ ತಿಂಗಳು ನಾಲ್ಕೈದು ಪುಟಕ್ಕೆ ಮುಗಿಯುವ ಲಲಿತ ಪ್ರಬಂಧ, ಹರಟೆ. ಆಮೇಲೆ ಹತ್ತು ಹದಿನೈದು ಪುಟದ ಸಣ್ಣಕತೆ. ನೀವು ತಂದ ಪುಸ್ತಕಗಳಲ್ಲಿ ಕಥಾಸಂಕಲನವಿದ್ದರೆ ಅದನ್ನು ಮೊದಲ ಕತೆಯಿಂದಲೇ ಹಿಡಿಯಬೇಕೆಂದಿಲ್ಲ, ಚಿಕ್ಕದನ್ನು ಹುಡುಕಿ ಓದಿ. ಆಮೇಲೆ ನೂರಿಪ್ಪತ್ತು, ನೂರೈವತ್ತು ಪುಟದ ಕಿರುಕಾದಂಬರಿ. ಮೂವತ್ತು ಪುಟವಾದರೂ ರುಚಿಸದಿದ್ದರೆ ಪಕ್ಕಕ್ಕಿಡಿ. ಮಕ್ಕಳನ್ನು ಬೆಳೆಸುವ ಬಗೆಯ ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಆಫೀಸಿನ ಫೈಲಿನ ತಮ್ಮಂದಿರು.

ಸಮಯದ ಲೆಕ್ಕವನ್ನೂ ಹಾಕೋಣ. ಗಡಿಯಾರ ನೋಡಿಕೊಂಡು ಮೂರು ಪುಟ ಓದಿ. ಅಭ್ಯಾಸ ತಪ್ಪಿದವರಿಗೆ ಡೆಮಿ 1/8 (ಸಾಮಾನ್ಯ ಕಾದಂಬರಿಯ ಅಳತೆ) ಆಕಾರದ ಪುಟವೊಂದಕ್ಕೆ ಎರಡು ನಿಮಿಷ ಹಿಡಿದರೆ ಆಶ್ಚರ್ಯವಿಲ್ಲ. ಆ ಲೆಕ್ಕದಲ್ಲಿ ಹದಿನೈದು ನಿಮಿಷಕ್ಕೆ ಏಳು ಪುಟ. ವಾರಕ್ಕೆ ಐದು ದಿನವೆಂದರೆ ಮೂವತ್ತೈದು. 140 ಪುಟದ ಪುಸ್ತಕಕ್ಕೆ ನಾಲ್ಕು ವಾರ. ಹಾಸಿಗೆಯಲ್ಲಿ ಮಾತ್ರ ಬೇಡ, ದಣಿದ ಮೈ ಒರಗಿದ ಕೂಡಲೇ ನಿದ್ದೆಗೆ ಜಾರುತ್ತದೆ. ಕುಕ್ಕರ್ ಮೂರು ಸೀಟಿ ಹೊಡೆಯುವ ನಡುವೆ ಓದುತ್ತೇನೆಂಬುದೂ ಕೇಳಲಿಕ್ಕಷ್ಟೇ ಚೆಂದ; ಕಿವಿ ಸೀಟಿ ಎಣಿಸುತ್ತಿರುತ್ತದೆ. ಮಗಳ ಟ್ಯೂಷನ್ನೋ ಡ್ಯಾನ್ಸ್ ಕ್ಲಾಸೋ ಮುಗಿಯಲೆಂದು ಹೊರಗೆ ಕಾಯುವ ಹೊತ್ತು, ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚಿದ ಮೇಲಿನ ಕಾಲು ಗಂಟೆ: ಆಗ ಮನೆಯವರು ಯಾರೂ ಕೂಗುವುದಿಲ್ಲ. ಆದ್ದರಿಂದ ಪುಸ್ತಕದ ಜಾಗ ವ್ಯಾನಿಟಿ ಬ್ಯಾಗು, ದಿಂಬಿನ ಪಕ್ಕ ಅಲ್ಲ.

ಪ್ರಶ್ನೆ: ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವ) ಕೆಲಸ. ವಯಸ್ಸು 43. ಹುಡುಗರ ಓದು ಮುಗಿದು ಪುಸ್ತಕ ಹಿಡಿಯುವಾಗ ಒಂಬತ್ತಾಗುತ್ತದೆ. ಹತ್ತು ನಿಮಿಷಕ್ಕೆ ಕಣ್ಣು ಉರಿ, ತಲೆನೋವು. ಮಳೆಗಾಲದಲ್ಲಿ ಕರೆಂಟೂ ನೆಚ್ಚುವ ಹಾಗಿಲ್ಲ.
– ಮೂಡಿಗೆರೆ ತಾಲ್ಲೂಕು

ಉತ್ತರ: ಒಂದು ಪರೀಕ್ಷೆ ಮಾಡಿಕೊಳ್ಳಿ. ಒತ್ತಕ್ಷರ ತುಂಬಿದ ಒಂದು ಸಾಲನ್ನು ಕಣ್ಣಿನಿಂದ 35–40 ಸೆಂ.ಮೀ. ದೂರದಲ್ಲಿ ಹಿಡಿದು ಓದಿ. ಮೇಲಿನ ಅಕ್ಷರ ಕಂಡು ಕೆಳಗಿನ ಒತ್ತು ಕಲಸಿದಂತಿದ್ದರೆ, ಪುಸ್ತಕ ದೂರ ಸರಿಸಿದಾಗ ತಿಳಿಯಾದರೆ, ಇದು ಚಾಳೀಸು. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರದ ಬಾಗುವ ಗುಣ ಕಡಿಮೆಯಾಗಿ ಹತ್ತಿರದ್ದು ಮಸುಕಾಗುತ್ತದೆ. ಕನ್ನಡದಲ್ಲಿ ಒತ್ತು ಮೂಲಾಕ್ಷರಕ್ಕಿಂತ ಚಿಕ್ಕದು, ಹಾಗಾಗಿ ಮೊದಲು ಮೋಸ ಮಾಡುವುದೂ ಅದೇ. ಓದಿನ ಆಸಕ್ತಿಯೇ ಹೋಯಿತೆಂದುಕೊಂಡ ಎಷ್ಟೋ ಮಂದಿಗೆ ಹೋಗಿರುವುದು ಇಷ್ಟೇ. ನಿಮ್ಮ ವಯಸ್ಸಿಗೆ ಸಾಮಾನ್ಯವಾಗಿ +1.00ರಿಂದ +1.50ರವರೆಗಿನ ಕನ್ನಡಕ ಸಾಕಾಗುತ್ತದೆ. ಅಂಗಡಿಯ ಸಿದ್ಧ ಕನ್ನಡಕದಲ್ಲಿ ಎರಡು ಕಣ್ಣಿಗೂ ಒಂದೇ ಪವರ್ ಇರುತ್ತದೆ, ನಿಮ್ಮ ಕಣ್ಣು ಹಾಗಿರಬೇಕೆಂದೇನಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿಯೇ ಕೊಳ್ಳಿ. ಅಲ್ಲೇ ಕಣ್ಣುಗುಡ್ಡೆಯೊಳಗಿನ ಒತ್ತಡವನ್ನೂ ನೋಡಿಸಿ.

ದೀಪ ನಡುಮನೆಯ ಸೂರಿನಲ್ಲಿದ್ದರೆ ನಿಮ್ಮ ತಲೆಯ ನೆರಳೇ ಪುಟದ ಮೇಲೆ ಬೀಳುತ್ತದೆ. ಹೆಗಲ ಹಿಂದಿನಿಂದ, ಮೂರಡಿ ಅಂತರದಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬು ಸಾಕು. ಕರೆಂಟಿಲ್ಲದ ರಾತ್ರಿಗೆ ಚಾರ್ಜ್ ಆಗುವ ಮೇಜುದೀಪವನ್ನು ಬೆಳಿಗ್ಗೆ ಕರೆಂಟಿದ್ದಾಗಲೇ ಚಾರ್ಜಿಗೆ ಹಾಕಿಬಿಡಿ. ಮೇಣದ ಬತ್ತಿಯಲ್ಲಿ ಓದಬೇಡಿ. ಬೆಳಕು ಕುಣಿಯುತ್ತದೆ, ಉರಿ ಹೆಚ್ಚುತ್ತದೆ.

ಪ್ರಶ್ನೆ: ಸಕಲೇಶಪುರದಿಂದ ಹಾಸನಕ್ಕೆ ದಿನಾ ಬಸ್ಸು. ಓದಲು ಸಿಗುವ ಸಮಯ ಅದೊಂದೇ. ಆದರೆ ಪುಸ್ತಕ ತೆರೆದರೆ ಹೊಟ್ಟೆ ತೊಳಸುತ್ತದೆ.

ಉತ್ತರ: ಒಳಕಿವಿಗೆ ಬಸ್ಸಿನ ಓಲಾಟ ತಿಳಿಯುತ್ತದೆ, ಕಣ್ಣಿಗೆ ಕಾಣುವುದು ಅಲುಗದ ಪುಟ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ಕೆಡುತ್ತದೆ. ಅಭ್ಯಾಸ ಮಾಡಿಕೊಳ್ಳುತ್ತೇನೆಂದು ಹಟಕ್ಕೆ ಬೀಳಬೇಡಿ. ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದೆ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕತೆ ಕೇಳಿ. ಹೊತ್ತು ಹೊಂದುವುದಾದರೆ ರೈಲು ನೋಡಿ. ಅದರ ತಿರುವು ನಿಧಾನ, ಹೊಟ್ಟೆಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ತವರಿನಿಂದ ಎರಡು ಟ್ರಂಕು ಪುಸ್ತಕ ತಂದೆ. ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು. ತೆಗೆದರೆ ಮಗನಿಗೆ ಸೀನು. ಎಸೆಯಲು ಮನಸ್ಸಿಲ್ಲ.
– ಕೊಪ್ಪ

ಉತ್ತರ: ಎಸೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ. ಒರೆಸಿದರೆ ಬೂಷ್ಟು ಕಾಗದದ ಒಳಕ್ಕೆ ಇಳಿಯುತ್ತದೆ. ಮಳೆ ಹೊಳವಾದ ದಿನ ಮಗ ಶಾಲೆಗೆ ಹೋದ ಮೇಲೆ ಮಾಸ್ಕ್ ಹಾಕಿಕೊಂಡು ಪುಸ್ತಕಗಳನ್ನು ಜಗುಲಿಗೆ ತನ್ನಿ. ಹಾಳೆ ಬಿಡಿಸಿ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆಯೇ ಮೆತ್ತನೆಯ ಪೇಂಟ್ ಬ್ರಶ್ಶಿನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಎಳೆಬಿಸಿಲು ಒಂದು ಗಂಟೆ ತಾಗಿದರೆ ತೊಂದರೆಯಿಲ್ಲ. ದಿನವಿಡೀ ಬಿಸಿಲಿಗಿಟ್ಟರೆ ಕಾಗದ ಹಳದಿಯಾಗಿ ಬೈಂಡಿಂಗಿನ ಅಂಟು ಬಿಡುತ್ತದೆ.

ಮತ್ತೆ ಟ್ರಂಕಿಗೆ ತುಂಬಿದರೆ ಇದೇ ಕತೆ. ಗಾಳಿಯ ತೇವಾಂಶ ಶೇ. 65–70 ದಾಟಿ ಹಾಗೇ ನಿಂತರೆ ಬೂಷ್ಟು ಹುಟ್ಟುತ್ತದೆ, ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಸ್ಥಿತಿ. ಮಳೆ ಬಡಿಯುವ ಗೋಡೆ ಬಿಟ್ಟು ಒಳಗೋಡೆಗೆ ಶೆಲ್ಫ್ ಇಡಿ. ಗೋಡೆಗೂ ಶೆಲ್ಫಿಗೂ ಎರಡಿಂಚು, ನೆಲಕ್ಕೂ ಕೆಳಹಲಗೆಗೂ ಒಂದಡಿ ಅಂತರವಿರಲಿ. ಒಂದು ಬೆರಳು ತೂರುವಷ್ಟು ಸಡಿಲವಾಗಿ ಜೋಡಿಸಿ. ಪ್ಲಾಸ್ಟಿಕ್ ಹೊದಿಕೆ ಒಳಗೇ ಬೆವರುತ್ತದೆ, ತೆಗೆದುಬಿಡಿ. ಟ್ರಂಕೇ ಗತಿಯೆಂದಾದರೆ ಬಟ್ಟೆಯ ಚೀಲದಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್ ಹಾಕಿಡಿ. ಅದು ಗುಲಾಬಿಗೆ ತಿರುಗಿದರೆ ನೀರು ಹೀರಿ ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿದರೆ ಪುನಃ ಕೆಲಸಕ್ಕೆ ಬರುತ್ತದೆ. ಇದನ್ನೂ ನುಸಿಗುಳಿಗೆಯನ್ನೂ ಮಕ್ಕಳ ಕೈಗೆ ಸಿಗದಂತಿಡಿ. ನುಸಿಗುಳಿಗೆ ಹುಳಕ್ಕಷ್ಟೇ, ಬೂಷ್ಟಿಗೆ ಅದರ ಲೆಕ್ಕವೇ ಇಲ್ಲ. ಬೇವಿನೆಲೆ ಇಡುವವರು ಗರಿಗರಿ ಒಣಗಿಸಿ ಇಡಿ. ಹಸಿಯೆಲೆಯಿಂದ ತೇವ ಹೆಚ್ಚುತ್ತದೆ. ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲಿ ಪುಸ್ತಕ ಇಡುತ್ತಿದ್ದುದು ದಡ್ಡತನವೇನಲ್ಲ, ಹೊಗೆಗೆ ಹಾಳೆ ಕಪ್ಪಾದರೂ ಬೂಷ್ಟು ಹತ್ತುತ್ತಿರಲಿಲ್ಲ.

ಪ್ರಶ್ನೆ: ನಾನು ಪುಸ್ತಕ ತೆರೆದ ಕೂಡಲೇ ನಾಲ್ಕು ವರ್ಷದ ಮಗಳು ಬಂದು ಮುಚ್ಚುತ್ತಾಳೆ. ತಿಂಗಳಿಗೊಂದು ಪುಸ್ತಕ ಕೊಳ್ಳುವ ಅನುಕೂಲವೂ ಇಲ್ಲ.
– ಅರಸೀಕೆರೆ ತಾಲ್ಲೂಕು

ಉತ್ತರ: ಮೊದಲು ಅವಳ ಪುಸ್ತಕ, ಅವಳಿಗೆ ಸಾಕೆನಿಸುವಷ್ಟು, ಗಟ್ಟಿಯಾಗಿ ಓದಿ. ಆಮೇಲೆ ಐದು ನಿಮಿಷಕ್ಕೆ ಅಲಾರಂ ಇಟ್ಟು, 'ಇದು ಕೂಗುವ ತನಕ ಅಮ್ಮನ ಪುಸ್ತಕ' ಎಂದು ಹೇಳಿ, ಅವಳ ಕೈಗೊಂದು ಚಿತ್ರದ ಪುಸ್ತಕ ಕೊಡಿ. ಅಲಾರಂ ಕೂಗಿದ ಕೂಡಲೇ ಪುಟದ ನಡುವಿದ್ದರೂ ಮುಚ್ಚಿಬಿಡಿ. ನೀವು ಮಾತು ತಪ್ಪಿದರೆ ನಾಳೆ ಅವಳೂ ತಪ್ಪುತ್ತಾಳೆ. ವಾರಕ್ಕೆ ಎರಡೆರಡು ನಿಮಿಷ ಏರಿಸಿ. ಫೋನಿನಲ್ಲಿ ಓದಿದರೆ ಇದು ನಡೆಯುವುದಿಲ್ಲ. ನೀವು ಓದುತ್ತಿದ್ದೀರೆಂದು ಮಗುವಿಗೆ ತಿಳಿಯುವುದು ಹೇಗೆ?

ಪುಸ್ತಕಕ್ಕೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ; ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿರುತ್ತದೆ. ಅಲ್ಲಿ ಬೇಕಾದ್ದು ಸಿಗದಿದ್ದರೆ ಪಟ್ಟಣದ ಸಾರ್ವಜನಿಕ ಗ್ರಂಥಾಲಯವಿದೆ. ಮನೆಗೆ ಒಯ್ಯಬೇಕಾದರೆ ಸದಸ್ಯತ್ವ ಬೇಕು. ಗುರುತಿನ ಚೀಟಿಯ ನಕಲು, ಒಂದು ಫೋಟೊ ಜೊತೆಗಿರಲಿ. ಠೇವಣಿ ಎಷ್ಟು, ಎಷ್ಟು ದಿನಕ್ಕೆ ಹಿಂತಿರುಗಿಸಬೇಕು ಎಂದು ಮೊದಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಒಮ್ಮೆಗೆ ಎರಡು ತನ್ನಿ: ನಿಮಗೊಂದು, ಅವಳಿಗೊಂದು.